ಹರಿಗೋಲಿನ ಹಾಡು ಹುಡುಕುತ್ತ ನಾಲ್ಕು ಊರು

ಸಂಕ್ರಾಂತಿ ಮುಗಿದ ವಾರ ಹುಬ್ಬಳ್ಳಿಯಿಂದ ಬೆಳಗಿನ ಪ್ಯಾಸೆಂಜರ್ ಹಿಡಿದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಗದಗ ದಾಟುವವರೆಗೆ ಶಾಲು ಹೊದ್ದೇ ಕೂತಿದ್ದೆ, ಭಾನಾಪುರ ಬರುವಷ್ಟರಲ್ಲಿ ಅದನ್ನು ಮಡಿಚಿ ಬ್ಯಾಗಿಗೆ ಹಾಕಬೇಕಾಯಿತು. ಎದುರಿಗಿದ್ದ ಹೆಣ್ಣುಮಗಳು ಕೈಗೆ ಒಂದು ಹಿಡಿ ಹಸಿಕಡ್ಲಿ ಕೊಟ್ಟು, "ಎಲ್ಲಿಗಿ ಹೊಂಟೀರಿ ಅಮ್ಮಾರ, ಒಬ್ಬರ?" ಎಂದಳು. "ಒಂದು ಹಾಡು ಹುಡುಕಾಕ" ಅಂದೆ. ಆಕೆ ನಕ್ಕಳು. ಜೋಕ್ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು.

ಜೋಕ್ ಅಲ್ಲ. ಕೊಪ್ಪಳದಲ್ಲಿ ನನ್ನ ನಾದಿನಿ ಶಕುಂತಲಾ ಇದ್ದಾಳೆ. ಕಳೆದ ದಸರೆಯ ಮುಂದೆ ಆಕೆಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ಪೂರ್ತಿ ನಿಂತಿತು. ಉಳಿದದ್ದು ಒಂದೇ, ಒಂದು ಟ್ಯೂನಿನ ತುಂಡು. ಅದನ್ನೇ ಬಾಯಿ ಮುಚ್ಚಿಕೊಂಡು ಗುನುಗುತ್ತಿದ್ದಳಂತೆ. ಸ್ಪೀಚ್ ಥೆರಪಿ ಹೇಳಿಕೊಡುವ ಹುಡುಗಿ, "ಮಾತು ಬರದವರಿಗೂ ಕೆಲವೊಮ್ಮೆ ಹಾಡಿನ ಮಾತು ಬರುತ್ತದೆ. ಆ ಹಾಡು ಯಾವುದು ಅಂತ ಹುಡುಕಿರಿ" ಎಂದಿದ್ದಳು. ಮನೆಯವರು ಫೋನಿನಲ್ಲಿ ಎಷ್ಟು ಹಾಡು ಹಾಕಿದರೂ ಅದು ಸಿಗಲಿಲ್ಲ.

ಸ್ಟೇಷನ್ನಿಗೆ ಶಕುಂತಲಾಳ ಸೊಸೆ ಸುನಂದಾ ಬಂದಿದ್ದಳು. ಆಟೊದಲ್ಲಿ ಕೂತ ಮೇಲೆ ಮೆಲ್ಲಗೆ ಹೇಳಿದಳು: "ಮಾಮಿ, ಎರಡು ವಾರ ಆತು, ಗುನುಗೂದನೂ ಬಿಟ್ಟಾರ. ತಪ್ಪು ಹಾಡು ಹಾಕಿದಾಗೆಲ್ಲ ಕೈ ಬಡೀತಿದ್ರು. ಈಗ ಗ್ವಾಡಿ ಕಡೆ ಮುಖಾ ಮಾಡಿ ಮಲಕೋತಾರ. ಥೆರಪಿ ಹುಡುಗಿ ಬಂದ್ರ ಕಣ್ಣ ತಗ್ಯಾಂಗಿಲ್ಲ."

ಮನೆ ಮುಟ್ಟಿದಾಗ ಶಕುಂತಲಾ ಹಾಗೆಯೇ ಮಲಗಿದ್ದಳು. ನನ್ನ ದನಿ ಕೇಳಿ ತಿರುಗಿದಳು, ಎಡಗೈಯಿಂದ ನನ್ನ ಕೈ ಹಿಡಿದಳು, ಆಮೇಲೆ ಮತ್ತೆ ಗೋಡೆ ಕಡೆ ತಿರುಗಿಬಿಟ್ಟಳು. ಈ ಬಾಯಾಳಿ ಹುಡುಗಿ ನನಗೆ ಕನ್ನಡ ಹಾಡು ಕಲಿಸಿದವಳು! ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಬೋರ್ಡಿಂಗಿನಲ್ಲಿದ್ದು ಓದಿದವಳು. ಅಲ್ಲಿ ಹಿಮ್ಸ್ ಅನ್ನುವ ಪ್ರಾರ್ಥನೆಯ ಹಾಡುಗಳಿದ್ದವು, ಪಿಯಾನೊ ಇತ್ತು, ಸಿನಿಮಾ ಹಾಡು ಮಾತ್ರ ಪಾಪ. ಕಾಂಪೌಂಡಿನ ಆಚೆ ಯಾವುದೋ ಮದುವೆಯ ಮೈಕಿನಲ್ಲಿ ಹಾಡು ಬಂದರೆ ಸಿಸ್ಟರ್ ಕಿಟಕಿ ಮುಚ್ಚಿಸುತ್ತಿದ್ದರು. ಎಪ್ಪತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಯಲಬುರ್ಗಿಗೆ ಬಂದಾಗ ನನಗೆ ಒಂದೇ ಒಂದು ಹಿಟ್ ಸಾಂಗೂ ಗೊತ್ತಿರಲಿಲ್ಲ. ಶಕು ಪಾತ್ರೆ ಬೆಳಗುತ್ತ ಹಾಡುವಳು, ನಾನು ಪಕ್ಕದಲ್ಲಿ ನಿಂತು ರಿಪೀಟ್ ಮಾಡುವೆ. "ವೈನಿ, ಚರ್ಚಿನ್ಯಾಗ ಹಾಡಿದಂಗ ಹಾಡಬ್ಯಾಡ್ರಿ, ಸ್ವಲ್ಪ ಸೊಂಟಾ ಸಡಲ ಬಿಡ್ರಿ" ಅನ್ನುವಳು. ಅಣ್ಣನ ಹೆಂಡತಿಯೆಂದು ನಾನು ಆಕೆಗೆ 'ವೈನಿ'.

ಸುನಂದಾ ಮೊದಮೊದಲೇ ಆ ಗುನುಗನ್ನು ಫೋನಿನಲ್ಲಿ ಹಿಡಿದಿಟ್ಟಿದ್ದಳು. ಕೇಳಿದೆ. ಎಲ್ಲೋ ಕೇಳಿದ ಟ್ಯೂನು, ಅಬ್ಸಲ್ಯೂಟ್ಲಿ ಶೂರ್. ಆದರೆ ಮಾತು ನಾಲಿಗೆಗೆ ಬರಲೊಲ್ಲದು. ರಾಗ ಮೇಲಕ್ಕೆ ಏರುತ್ತದೆ, ಇನ್ನೇನು ಹೊರಳಬೇಕು ಅನ್ನುವಾಗ ಥಟ್ಟನೆ ಕೆಳಗೆ ಬೀಳುತ್ತದೆ. ಯಾವ ಮ್ಯೂಸಿಕ್ ಡೈರೆಕ್ಟರ್ ಹೀಗೆ ಮಾಡಿದನೋ ಅನ್ನಿಸಿತು. ರೆಕಾರ್ಡಿಂಗನ್ನು ನನ್ನ ಫೋನಿಗೆ ಹಾಕಿಸಿಕೊಂಡು ಮರುದಿನವೇ ಹೊರಟೆ.

ಮೊದಲು ಗಂಗಾವತಿ. ನಮ್ಮ ಕಾಲದಲ್ಲಿ ಯಲಬುರ್ಗಿ ಸುತ್ತ ಯಾರ ಮದುವೆಯಾದರೂ ಮೈಕ್ ಹಚ್ಚುತ್ತಿದ್ದವನು ಮಾಬುಸಾಬ ಒಬ್ಬನೇ. ಆಮೇಲೆ ಕಾಲುವೆ ನೀರಿನ ಸೀಮೆಯಲ್ಲಿ ದೊಡ್ಡ ಮದುವೆಗಳು ಶುರುವಾದ ಮೇಲೆ ಸಂಸಾರ ಸಮೇತ ಗಂಗಾವತಿಗೆ ಹೋದನೆಂದು ಕೇಳಿದ್ದೆ. ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿದೆ, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಫ್ರೀ ಆಗಿ ಪ್ರಯಾಣ ಮಾಡುವುದಕ್ಕೆ ನನಗಿನ್ನೂ ಸಂಕೋಚ. "ಥ್ಯಾಂಕ್ ಯೂ" ಅಂದೆ. ಆತ, "ನನಗ್ಯಾಕ್ರಿ ಥ್ಯಾಂಕ್ಸು, ನಮ್ಮಪ್ಪನ ಬಸ್ಸೇನು?" ಅಂದು ಮುಂದೆ ಹೋದ. ನಲವತ್ತೈದು ಕಿಲೋಮೀಟರ್ ಆಸುಪಾಸು. ಅರ್ಧ ದಾರಿ ಬೆಂಗಾಡು, ಆಮೇಲೆ ಒಮ್ಮೆಲೇ ಹಸಿರು. ಗದ್ದೆಗಳಲ್ಲಿ ನಾಟಿ ನಡೆದಿತ್ತು, ಬೆನ್ನು ಬಾಗಿಸಿದ ಹೆಂಗಸರು ಸಾಲಾಗಿ ಹಿಂದೆ ಹಿಂದೆ ಸರಿಯುತ್ತಿದ್ದರು.

ಮಾಬುಸಾಬ ತೀರಿಕೊಂಡು ಬಹಳ ವರ್ಷವಾಗಿದೆ. ಮಗ ರಾಜಾಸಾಬ ಡಿಜೆ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಾನೆ, ನನಗಿಂತ ಎತ್ತರದ ಸ್ಪೀಕರುಗಳು. ಯಾರೋ ಗಿರಾಕಿಯ ಜೊತೆ ತೆಲುಗಿನಲ್ಲಿ ರೇಟು ಜಗ್ಗಾಡುತ್ತಿದ್ದವನು ನನ್ನನ್ನು ಕಂಡು ಕುರ್ಚಿ ಹಾಕಿಸಿದ. ಅಪ್ಪನ ನೆನಪಿಗೆಂದು ಹಳೆಯ ಭೋಂಗಾ ಒಂದನ್ನು, ಕಹಳೆ ಬಾಯಿಯ ಆ ಕಾಲದ ಸ್ಪೀಕರನ್ನು, ಬಾಗಿಲ ಮೇಲೆ ತೂಗುಹಾಕಿದ್ದಾನೆ. ಅದರ ಬಾಯಿಯೊಳಗೆ ಗುಬ್ಬಿ ಗೂಡು ಕಟ್ಟಿತ್ತು.

ಶಕುವಿನ ಗುನುಗು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದ. "ನಾ ಆಗ ಹುಟ್ಟೇ ಇದ್ದಿಲ್ರಿ ಅಮ್ಮಾರ. ಅಬ್ಬಾ ಇದ್ದಿದ್ರ ಒಂದೇ ಮಾತಿನ್ಯಾಗ ಹೇಳ್ತಿದ್ದ. ರೆಕಾರ್ಡ್ ಎಲ್ಲಾ ಕುಷ್ಟಗಿ ಚಾದಂಗಡಿ ಶರಣಪ್ಪಗ ಕೊಟ್ಟೀವಿ. ಭಾಳ ಹುಚ್ಚದ ಅವಂಗ. ಅಲ್ಲಿ ಹೋಗ್ರಿ."

"ಡಿಜೆದಾಗ ಹಳೇ ಹಾಡು ಯಾರೂ ಕೇಳಾಂಗಿಲ್ಲೇನಪ್ಪಾ?"

"ಕೇಳ್ತಾರ್ರಿ. ಮದುಮಗನ ಅಜ್ಜಾ ಕುಣೀಬೇಕಂದ್ರ ಹಳೇದ ಬೇಕು. ಅಜ್ಜಾ ಕುಣಿದ್ರ ಹುಡುಗರು ಸೀಟಿ ಹೊಡಿತಾರ, ನಮಗ ಖುಷಿ ಆಕ್ಕೈತಿ."

ಅಂಗಡಿಯ ಹಿಂದೆಯೇ ಮನೆ. ಆತನ ಹೆಂಡತಿ ಅನ್ನ, ಬದನೆಕಾಯಿ ಪಲ್ಯ ಬಡಿಸಿದಳು. ರಾತ್ರಿ ಅಲ್ಲೇ ಹತ್ತಿರದ ಲಾಡ್ಜಿನಲ್ಲಿ ಉಳಿದು, ಬೆಳಿಗ್ಗೆ ಕನಕಗಿರಿ, ತಾವರಗೇರಿ ದಾರಿಯಾಗಿ ಕುಷ್ಟಗಿಗೆ ಹೋದೆ. ಹಸಿರು ಹೇಗೆ ಒಮ್ಮೆಲೇ ಬಂದಿತ್ತೋ ಹಾಗೆಯೇ ಒಮ್ಮೆಲೇ ಮುಗಿಯಿತು. ಬಂಡೆ, ಜಾಲಿ, ನಡುವೆ ಅಲ್ಲೊಂದು ಇಲ್ಲೊಂದು ದಾಳಿಂಬೆ ತೋಟ.

ಶರಣಪ್ಪನ ಚಾದಂಗಡಿ ಬಸ್‌ಸ್ಟ್ಯಾಂಡಿನಿಂದ ಹತ್ತಿರವೇ. ಮಿರ್ಚಿ, ಮಂಡಕ್ಕಿ, ಕೇಟಿ ಚಾ, ಜೊತೆಗೆ ರೆಕಾರ್ಡು. ಗಲ್ಲಾದ ಪಕ್ಕದಲ್ಲೇ ಪ್ಲೇಯರ್ ಇಟ್ಟಿದ್ದಾನೆ. ಗೋಡೆಯ ತುಂಬ ಕರೀ ರೆಕಾರ್ಡುಗಳನ್ನು ಮೊಳೆ ಹೊಡೆದು ಕೂರಿಸಿದ್ದ, ರಂಗೋಲಿಯ ಚುಕ್ಕಿಯ ಹಾಗೆ. ನನಗೆ ಸಂಕಟವಾಯಿತು. "ಇಷ್ಟು ಛಲೋ ರೆಕಾರ್ಡಿಗೆ ಮೊಳೀ ಹೊಡೆದೀಯಲ್ಲಪ್ಪ?" ಎಂದೆ.

"ಛಲೋ ಎಲ್ಲದಾವ್ರಿ, ಕೆಟ್ಟ ಹೋದವು ಅವು. ಪ್ಲೇಯರಿನ ಮುಳ್ಳು ಇಟ್ರ ನಡುವ ಹಾರತಾವ. ಗಿರಾಕಿ ನಗ್ತಾರಂತ ಗ್ವಾಡಿಗೆ ಏರಿಸೀನಿ. ಹಾಡೂವು ಇಲ್ಲಿ ಕೆಳಗ ಅದಾವ. ಇಲ್ಲದ್ದನ್ನ ಹೊಸಪೇಟಿ, ಬಾಗಲಕೋಟಿ ತಿರುಗಿ ಕೂಡಿಸೀನಿ."

ಶರಣಪ್ಪ ಎಪ್ಪತ್ತರ ಶುರುವಿನ ಹಿಟ್ ಹಾಡುಗಳನ್ನೆಲ್ಲ ಒಂದೊಂದಾಗಿ ಹಾಕಿದ. ಮಧ್ಯಾಹ್ನ ಪೂರ್ತಿ ಅಲ್ಲೇ ಕೂತೆ. ಮಳೆಯ ಹಾಡು, ಮುನಿಸಿನ ಹಾಡು, ಕುಡಿದವನ ಹಾಡು, ತಾಯಿಯ ಹಾಡು. ಸಂತೆ ಚೀಲ ಇಟ್ಟುಕೊಂಡು ಕೂತ ಮುದುಕರೆಲ್ಲ ನನ್ನ ಕೆಲಸವನ್ನು ತಮ್ಮ ಕೆಲಸ ಮಾಡಿಕೊಂಡರು. ಒಬ್ಬರು "ಇದ ನೋಡ್ರಿ ಇದ" ಅನ್ನುವರು, ಇನ್ನೊಬ್ಬರು "ನಿನ್ನ ಕಿವಿಗೆ ಏನಾಗೇತೋ ಮಾರಾಯ, ಅದು ಏರತೈತಿ, ಇದು ಇಳೀತೈತಿ" ಅನ್ನುವರು. ಹರಿಗೋಲಿನ ಹಾಡೊಂದು ಬಂದಾಗ ಚಾದ ಲೋಟ ಕೆಳಗಿಟ್ಟೆ. ದಂಡೆಯಲ್ಲಿ ನಿಂತ ಹುಡುಗಿ ಅಂಬಿಗನನ್ನು ಕರೆಯುತ್ತಾಳೆ. ಅಂಬಿಗ ಎರಡು ಸಾಲು ಉತ್ತರ ಕೊಡುತ್ತಾನೆ, ನದಿ ತುಂಬಿದೆ, ಸ್ವಲ್ಪ ಕಾಯಿ ಎಂದು. ಆಮೇಲೆ ಆಕೆ ಹತ್ತುತ್ತಾಳೆ, ಆಚೆ ದಂಡೆ ಬರುತ್ತದೆ. ಚೆಂದದ ಹಾಡು. ಆದರೆ ಶಕುವಿನ ಟ್ಯೂನು ಥಟ್ಟನೆ ಬೀಳುವ ಜಾಗದಲ್ಲಿ ಈ ಹಾಡು ಬೀಳಲಿಲ್ಲ, ಅಂಬಿಗನ ದನಿಯಲ್ಲಿ ನಿಧಾನ ಹೊರಳಿಕೊಂಡಿತು. ನೋ, ಇದಲ್ಲ ಅಂದುಬಿಟ್ಟೆ. ಶರಣಪ್ಪ ಸೋತ ಮುಖ ಮಾಡಿ ಮತ್ತೊಂದು ಚಾ ಕೊಟ್ಟ.

ಆ ರಾತ್ರಿ ಕುಷ್ಟಗಿಯಲ್ಲಿ ಪರಿಚಯದವರ ಮನೆಯಲ್ಲಿ ಉಳಿದೆ. ಸುನಂದಾಳ ಫೋನ್ ಬಂತು: "ಇವತ್ತು ಊಟಾನೂ ಸರಿಯಾಗಿ ಮಾಡಲಿಲ್ರಿ ಮಾಮಿ. ಸಿಕ್ಕಿತೇನ್ರಿ?" "ನಾಳೆ" ಅಂದೆ. ಯಾವ ನಂಬಿಕೆಯ ಮೇಲೆ ಅಂದೆನೋ.

ಮರುದಿನ ಯಲಬುರ್ಗಿ. ಹಾದಿಯುದ್ದಕ್ಕೂ ಕರೀ ಹೊಲ, ಹಾಲು ತುಂಬಿದ ಬಿಳಿಜೋಳ. ಒಂದು ಹೊಲದ ಬದುವಿನಲ್ಲಿ ಎಳೆಜೋಳದ ತೆನೆಯ ಸೀತನಿ ಸುಡುತ್ತಿದ್ದ ಹೊಗೆ ಬಸ್ಸಿನೊಳಗೂ ಬಂತು, ಎಲ್ಲರೂ ಒಮ್ಮೆ ಮೂಗು ಎತ್ತಿದರು. ನಮ್ಮ ಮನೆ ಈಗ ಬೇರೆಯವರದು. ಅದರ ಎದುರಿನ ಗುರುಸಿದ್ದವ್ವನ ಮನೆ ಮಾತ್ರ ಹಾಗೇ ಇದೆ. ಗುರುಸಿದ್ದವ್ವ ಶಕುವಿನ ಗೆಳತಿ. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಕಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ನಾನು ಒಳಗೆ ಹೋದಾಗ ಪಡಸಾಲೆಯ ತುಂಬ ರೊಟ್ಟಿ ಬಡಿಯುವ ಸದ್ದು, ಒಲೆಯ ಬಿಸಿ.

"ಏ ಇಂಗ್ಲಿಷ್ ವೈನಿ! ದಾರಿ ತಪ್ಪಿ ಬಂದೀರೇನು?" ಎಂದಳು. ಹೊಸ ಸೊಸೆಯಾಗಿ ಬಂದಾಗ ಈ ಓಣಿ ನನಗಿಟ್ಟ ಹೆಸರು ಅದು. ಶಕುವಿನ ಸುದ್ದಿ ಆಕೆಗೆ ಗೊತ್ತಿತ್ತು. ಫೋನ್ ತೆಗೆದು ಗುನುಗು ಕೇಳಿಸಿದೆ. ಗುರುಸಿದ್ದವ್ವ ಕೈ ನಿಲ್ಲಿಸಲಿಲ್ಲ. ರೊಟ್ಟಿ ತಿರುಗಿಸುತ್ತಲೇ, ಬಡಿಯುವ ಲಯಕ್ಕೇ, ಮಾತು ಸಮೇತ ಹಾಡಿಬಿಟ್ಟಳು. ಪಕ್ಕದ ಹೆಂಗಸರೂ ದನಿಗೂಡಿಸಿದರು. ಹುಡುಗಿ ಅಂಬಿಗನನ್ನು ಕರೆದಳು. ರಾಗ ಏರಿತು. ಥಟ್ಟನೆ ಇಳಿಯಿತು, ದಂಡೆ ಬಂತು! ಅಂಬಿಗನ ಉತ್ತರವೇ ಇಲ್ಲ.

"ನಡುವ ಎರಡು ಸಾಲು ಬಿಟ್ರಿ" ಅಂದೆ.

"ಯಾವ ಸಾಲು?"

"ಅಂಬಿಗ ಕಾಯಿ ಅಂತಾನಲ್ಲ, ಹೊಳಿ ತುಂಬೇತಿ ಅಂತ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ, "ನಮ್ಮ ಕಡೆ ಹೊಳಿ ಎಲ್ಲೈತ್ರಿ ತುಂಬಾಕ? ಹತ್ತಿದ ಕೂಡಲೇ ದಂಡಿ" ಅಂದಳು. ಪಡಸಾಲೆ ಇಡೀ ನಕ್ಕಿತು.

ಗುರುಸಿದ್ದವ್ವ ಮಾತ್ರ ಹಿಟ್ಟಿನ ಕೈಯನ್ನು ಹಣೆಗೆ ಹಚ್ಚಿಕೊಂಡಳು. "ಅಯ್ಯ, ನಿಮ್ಮ ಲಗ್ನದಾಗ ಆದದ್ದಲ್ಲೇನ್ರಿ ಅದು! ಮಾಬುಸಾಬ ಊಟಕ್ಕ ಹೋಗಿದ್ದ. ಶಕು ಇನ್ನೊಮ್ಮೆ ಹರಿಗೋಲು ಕೇಳಬೇಕಂತ ತಾನೇ ಮುಳ್ಳು ಎತ್ತಿ ಇಟ್ಟಳು. ಕರ್ರ್ ಅಂತ ಜಾರಿ ಗೀರು ಬಿತ್ತು. ಮಾಬುಸಾಬ ಅರ್ಧ ಊಟದಾಗ ಎದ್ದು ಓಡಿ ಬಂದ, 'ತಂಗಿ, ಅಂಬಿಗನ್ನ ಹೊಳ್ಯಾಗ ನೂಕಿಬಿಟ್ಯಲ್ಲ!' ಅಂದ. ಆಮ್ಯಾಲ ಎಲ್ಲಾ ಲಗ್ನಕ್ಕೂ ಅದ ರೆಕಾರ್ಡ. ಅಲ್ಲಿ ಬಂದ ಕೂಡಲೇ ಹಾರತಿತ್ತು. ನಮಗ ಹಾಡು ಅಂದ್ರ ಅದ."

ನನಗೆ ಈಗ ನೆನಪಾಯಿತು. ಮದುವೆಯ ಹಂದರದಲ್ಲಿ ತಲೆ ತಗ್ಗಿಸಿ ಕೂತಿದ್ದಾಗ ಭೋಂಗಾದಿಂದ ಊರಿಗೆಲ್ಲ ಕೇಳುವಂತೆ ಒಂದು ಕರ್ಕಶ ಸದ್ದು ಬಂದು, ನಾನು ಬೆಚ್ಚಿ ಶಿಲುಬೆಯ ಗುರುತು ಮಾಡಿಕೊಳ್ಳಲು ಕೈ ಎತ್ತಿಬಿಟ್ಟಿದ್ದೆ. ಕಾನ್ವೆಂಟಿನ ಹ್ಯಾಬಿಟ್. ಅತ್ತೆಯವರು ಆ ಕೈಗೆ ಅಕ್ಷತೆ ಹಾಕಿ ಕೆಳಗಿಳಿಸಿದ್ದರು. ಹೊಸ ಮದುಮಗಳು, ಆ ಸದ್ದು ಎಲ್ಲಿಂದ ಬಂತೆಂದು ಯಾರನ್ನು ಕೇಳುವುದು? ಕುಷ್ಟಗಿಯಲ್ಲಿ ಚಾ ಕುಡಿಯುವಾಗ ಅದೇ ರೆಕಾರ್ಡು ನನ್ನ ತಲೆಯ ಮೇಲೆ, ಮೊಳೆಗೆ, ಇದ್ದಿರಲೂಬಹುದು.

ಇನ್ನೊಮ್ಮೆ ಹಾಡಿಸಿ ಫೋನಿನಲ್ಲಿ ಹಿಡಿದುಕೊಂಡೆ, ರೊಟ್ಟಿ ಬಡಿಯುವ ಸದ್ದಿನ ಸಮೇತ. ಗುರುಸಿದ್ದವ್ವ ಶಕುವಿಗೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಕುಕನೂರಿನಲ್ಲಿ ಬಸ್ಸು ಬದಲಿಸಿ, ಹೊತ್ತು ಮುಳುಗುವ ಮೊದಲೇ ಕೊಪ್ಪಳ ಮುಟ್ಟಿದೆ. ಕೋಟೆಯ ಗುಡ್ಡದ ಮೇಲೆ ಇನ್ನೂ ಬಿಸಿಲಿತ್ತು.

ಶಕು ಗೋಡೆಯ ಕಡೆಗೇ ಮುಖ ಮಾಡಿದ್ದಳು. ನಾನು ರೆಕಾರ್ಡಿಂಗ್ ಹಚ್ಚಿ ಫೋನನ್ನು ದಿಂಬಿನ ಪಕ್ಕ ಇಟ್ಟೆ. ಮೊದಲು ರೊಟ್ಟಿಯ ಸದ್ದು ಬಂತು, ಆಮೇಲೆ ಗುರುಸಿದ್ದವ್ವನ ದನಿ. ಹುಡುಗಿ ಅಂಬಿಗನನ್ನು ಕರೆಯುವ ಹೊತ್ತಿಗೆ ಶಕು ತಿರುಗಿದ್ದಳು. ಎರಡನೆಯ ಸಲ ಹಾಕಿದಾಗ ಗುನುಗಿದಳು. ನಾನೂ ಹಾಡಿದೆ, ಚರ್ಚಿನ ದನಿಯಲ್ಲೇ. ಮೂರನೆಯ ಸಲ ರಾಗ ಥಟ್ಟನೆ ಇಳಿಯಿತಲ್ಲ, ಅಲ್ಲಿ ಆಕೆಯ ತುಟಿ ಸೊಟ್ಟಗೆ ತೆರೆದು ಒಂದು ಮಾತು ಹೊರಬಿತ್ತು. "ದಂಡಿ."

ಸುನಂದಾ ಬಾಗಿಲಲ್ಲಿ ನಿಂತವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಸಂಭ್ರಮದಲ್ಲಿ, "ಈಗ ಹಾಡು ಯಾವುದಂತ ಗೊತ್ತಾತಲ್ರಿ, ಒರಿಜಿನಲ್ ಹಚ್ಚತೀನಿ ತಡೀರಿ" ಎಂದು ತನ್ನ ಫೋನಿನಲ್ಲಿ ಹುಡುಕಿ ಹಾಕಿದಳು. ಪಿಟೀಲು, ಕೊಳಲು, ಆ ಕಾಲದ ಸಿಹಿ ದನಿ. ಶಕು ತಲೆ ಆಡಿಸುತ್ತ ಕೇಳಿದಳು. ಹುಡುಗಿ ಕರೆದಳು. ಅಂಬಿಗ ಉತ್ತರ ಕೊಡಲು ಶುರು ಮಾಡಿದ. ಶಕುವಿನ ಹುಬ್ಬು ಗಂಟಿಕ್ಕಿತು. ಎಡಗೈ ಎತ್ತಿ ಹಾಸಿಗೆಗೆ ಬಡಿದು, ಸ್ಪಷ್ಟವಾಗಿ ಅಂದಳು:

"ತಪ್ಪು."

ನಾವು ಮೂವರೂ ನಕ್ಕೆವು. ಶಕು ಅರ್ಧ ಮುಖದಿಂದ ನಕ್ಕಳು, ಆದರೆ ಪೂರ್ತಿ ನಕ್ಕಳು. ಮರುದಿನ ಥೆರಪಿ ಹುಡುಗಿ ಬಂದಾಗ ಎದ್ದು ಕೂತಿದ್ದಳು. ಹುಡುಗಿ ಹೇಳಿದಳು, "ಹೀಗೇ ಒಂದೊಂದೇ ಬರಬೇಕು, ಬಹಳ ದಿನ ಹಿಡಿಯುತ್ತದೆ." ಹಿಡಿಯಲಿ. 'ವೈನಿ' ಅನ್ನುವ ಮಾತು ಇನ್ನೂ ಬಂದಿಲ್ಲ. ಅದನ್ನು ಕೇಳಲು ನಾನು ಇದೇ ಬೇಸಿಗೆಯಲ್ಲಿ ಮತ್ತೆ ಹೋಗುವವಳಿದ್ದೇನೆ.

ಅದೇ ದಿನ ಮಧ್ಯಾಹ್ನದ ಗಾಡಿಗೆ ಹೊರಟೆ. ಆಟೊ ಹತ್ತಿ ತಿರುಗಿ ನೋಡಿದರೆ, ಶಕುವನ್ನು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂರಿಸಿದ್ದರು. ಎಡಗೈ ಸರಳು ಹಿಡಿದಿತ್ತು. ನನಗೆ ಒಮ್ಮೆಲೇ ಕೀಟಲೆ ಬಂತು. ಆಟೊದಿಂದ ತಲೆ ಹೊರಗೆ ಹಾಕಿ, ಓಣಿಗೆಲ್ಲ ಕೇಳುವ ಹಾಗೆ, ಅಂಬಿಗನ ಆ ಎರಡು ಸಾಲು ಹಾಡಿದೆ.

"ತಪ್ಪು!" ಎಂದು ಕಿಟಕಿಯಿಂದ ಕೂಗು ಬಂತು.

ಆಟೊದವ ಗಾಬರಿಯಾಗಿ ಬ್ರೇಕ್ ಹಾಕಿ, "ಯಾಕ್ರಿ ಅಮ್ಮಾರ, ದಾರಿ ತಪ್ಪೇತೇನ್ರಿ?" ಎಂದ. "ಇಲ್ಲಪ್ಪ, ಸರಿ ಐತಿ, ನಡಿ" ಅಂದೆ.