ಪಾಲಿನ ಎಮ್ಮೆ

ಸೋಮವಾರ ಬೆಳಿಗ್ಗೆ ದೇವರ ತಂಬಿಗೆ, ಆರತಿ ತಟ್ಟೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಗ ತಂಗಿಯ ಫೋನ್ ಬಂತು. ಬೀದರಿನ ಮೈಲೂರು ಬಡಾವಣೆಯ ನಮ್ಮ ಓಣಿಗೆ ಆಗ ನಲ್ಲಿ ನೀರು ಬರುವುದೇ ಅಪರೂಪವಾಗಿತ್ತು. ಒಂದು ಪಾತ್ರೆ ತೊಳೆದ ನೀರಿನಲ್ಲೇ ಮುಂದಿನದನ್ನೂ ತೊಳೆಯುತ್ತಿದ್ದೆ. ಕೈ ಹುಳಿಯಾಗಿದ್ದರಿಂದ ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ.

“ಅಕ್ಕಾ, ನಮ್ಮ ಎಮ್ಮಿ ಇಲ್ಲಿ ಇಲ್ಲ.”

“ಇಲ್ಲ ಅಂದ್ರ? ಸತ್ತದೇನು?”

“ಸತ್ತಿದ್ರ ಅತ್ತು ಸುಮ್ಮಾಗ್ತಿದ್ದೆ. ಸಾಯಗಾಂವದ ಮಾಲಕ್ರು ಹೊಡ್ಕೊಂಡು ಹೋಗ್ಯಾರ. ಈದಿತ್ತಂತ, ಹೆಣ್ಣ ಕರ. ಅದನ್ನ ಭೀ ಒಯ್ದಾರ.”

“ಮೇವಿನ ಕೇಂದ್ರದವರು ಹ್ಯಾಂಗ ಕೊಟ್ರು?”

“ಕಂಪ್ಯೂಟರ್‌ದಾಗ ನಿನ್ನ ಹೆಸರೇ ಇಲ್ಲ ಅಂತಾರ. ಬಿಡೋ ಮುಂದ ನನ್ನ ಹೆಬ್ಬಟ್ಟು ತಗೊಂಡಿದ್ರು. ಈಗ ನಾ ಯಾರೋ ಏನೋ.”

ತಂಗಿಯನ್ನು ಔರಾದ ಕಡೆಯ ಹಳ್ಳಿಗೆ ಕೊಟ್ಟಿದ್ದೇವೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಗಂಡ ಹೆಂಡತಿ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿ ಬಂದು ಮಾಡುತ್ತಿದ್ದರು. ಎಮ್ಮೆ ಅವಳದಲ್ಲ, ಪಾಲಿಗೆ ತಂದದ್ದು. ನಮ್ಮ ಕಡೆ ಇದು ಹಳೆಯ ರೂಢಿ: ಉಳ್ಳವರು ಮಣಕ ಕೊಡುತ್ತಾರೆ, ಇಲ್ಲದವರು ಮೇಯಿಸಿ ದೊಡ್ಡದು ಮಾಡುತ್ತಾರೆ, ಈದಾಗ ಮೊದಲ ಕರು ಸಾಕಿದವರಿಗೆ. ಬಾಯಿ ಮಾತೇ ಅದಕ್ಕೆಲ್ಲ ಆಧಾರ. ಸಾಯಗಾಂವದ ಯಜಮಾನನ ಮಣಕವನ್ನು ತಂಗಿ ತನ್ನ ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಂಡಿದ್ದಳು. ಗಬ್ಬಾದ ಎಮ್ಮೆಯನ್ನು, ಬರಗಾಲದಲ್ಲಿ ದನ ಇಟ್ಟುಕೊಂಡು ಮೇವು ನೀರು ಕೊಡುವ ಔರಾದದ ಮೇವಿನ ಕೇಂದ್ರದಲ್ಲಿ ಬಿಟ್ಟು, ಈಯುವ ಹೊತ್ತಿಗೆ ಬರುತ್ತೇನೆ ಎಂದು ಹೋದವಳು, ಮೇಸ್ತ್ರಿ ಬಿಡದೆ ತಡವಾಗಿ ಬಂದಿದ್ದಳು.

ನನ್ನ ಹಿಂದೆ ಸೊಸೆ ಹಣಿಗೆ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಜಡೆ ಅರ್ಧ ಹೆಣೆದಿತ್ತು.

“ಪಾಲಿನ ತುಂಡು, ಅತ್ತಿ,” ಎಂದಳು. “ಅದು ಕೂತಿಲ್ಲ.”

ಆ ಕೇಂದ್ರದ ಸಾಫ್ಟ್‌ವೇರ್ ನಮ್ಮ ಸೊಸೆಯ ಆಫೀಸಿನದು. ಬೀದರಿನಲ್ಲೇ ಒಂದು ಅಂಗಡಿಯ ಮೇಲಿನ ಎರಡು ಕೋಣೆಯ ಆಫೀಸು. ಅವಳು ಅದನ್ನು ನನಗೆ ತಿಳಿಯುವ ಹಾಗೆ ಹಿಂದೆಯೇ ಹೇಳಿದ್ದಳು: ಸರ್ವರಿನ ಮೇಲೆ ಇರುವುದು ಒಂದೇ ದೊಡ್ಡ ಸಾಮಾನಲ್ಲ, ಬೇರೆ ಬೇರೆ ತುಂಡುಗಳು. ಮೇವಿನದು ಒಂದು, ನೀರಿನದು ಒಂದು, ದನದ ಡಾಕ್ಟರದು ಒಂದು. ಪಾಲಿನದು ಅವಳೇ ಸೇರಿಸಿದ್ದು, ಭಾಲ್ಕಿಯ ಕಡೆ ಹುಟ್ಟಿ ಬೆಳೆದ ಅವಳಿಗೆ ಈ ರೂಢಿ ಗೊತ್ತಿದ್ದರಿಂದ. ದನದ ಕಿವಿಗೆ ಹಾಕಿದ ಬಿಲ್ಲೆಯ ಒಂದೇ ನಂಬರಿಗೆ ಎರಡು ಹೆಸರು ಹಿಡಿಯುವ ತುಂಡು ಅದು. ಇಬ್ಬರೂ ಹೂಂ ಅನ್ನದೆ ದನ ಬಿಡುವ ಹಾಗಿಲ್ಲ.

ಈ ತುಂಡುಗಳೆಲ್ಲ ಕೂರುವುದು ಕೆಳಗಿನ ಪ್ಲಾಟ್‌ಫಾರ್ಮ್ ಮೇಲೆ. ಅದರ ಹಳೆಯ ಆವೃತ್ತಿಯನ್ನು ಇನ್ನು ಇಡುವುದಿಲ್ಲ ಎಂದು ಸರ್ವರ್ ಬಾಡಿಗೆ ಕೊಟ್ಟವರು ತಿಳಿಸಿದ್ದರು. ಹೊಸದು ಹಾಕಿದರೆ ಹಳೆಯ ತುಂಡುಗಳನ್ನು ಒಂದೊಂದಾಗಿ ಅದಕ್ಕೆ ಹೊಂದಿಸಬೇಕು. ಸೊಸೆ ಮೇವು, ನೀರು, ಡಾಕ್ಟರದು ಎಲ್ಲ ಹೊಂದಿಸಿದಳು. ಪಾಲಿನ ತುಂಡು ಮಾತ್ರ ಉಳಿಯಿತು. ಅದು ಆತುಕೊಂಡಿದ್ದ ಒಂದು ಸೌಲಭ್ಯವನ್ನೇ ಹೊಸದರಲ್ಲಿ ತೆಗೆದುಬಿಟ್ಟಿದ್ದರಂತೆ. ಬುಡದಿಂದ ಮತ್ತೆ ಬರೆಯಬೇಕು.

ಸೊಸೆ ಅದನ್ನು ಬದಲಾಯಿಸಿದ್ದು ಹಿಂದೊಂದು ರವಿವಾರ, ನಮ್ಮ ಮನೆಯ ಪಡಸಾಲೆಯಲ್ಲೇ ಕೂತು. ನಾನು ಚಹಾ ತಂದಿಟ್ಟಾಗ ಅವಳ ಸಾಹೇಬನ ಮಾತು ಫೋನಿನಿಂದ ಕೇಳುತ್ತಿತ್ತು.

“ಹೊಂದದ ತುಂಡು ಬಿಟ್ಟು ಮುಂದ ನಡಿ ಅಂತ ಹಾಕ್ರಿ ಮೇಡಂ. ಉಳಿದದ್ದು ಚಾಲೂ ಆಗ್ಲಿ.”

“ಹಂಗ ಮಾಡಿದ್ರ ಬಿಟ್ಟಿದ್ದು ಯಾರಿಗೂ ಗೊತ್ತಾಗಂಗಿಲ್ರಿ ಸರ್. ಒಂದು ಹೊಂದಲಿಲ್ಲಂದ್ರ ಪೂರಾ ನಿಲ್ಲಬೇಕು. ನಿಂತ್ರ ಮಂದಿ ಬೈತಾರ. ಬೈದ್ರ ನಾವು ಎದ್ದು ನೋಡ್ತೀವಿ.”

“ದನ ಹಸಕೊಂಡು ನಿಂತಾವ, ನೀವು ನಿಲ್ಲಸ್ರಿ ಅಂತೀರಿ. ಪಾಲಿಂದು ಎಷ್ಟು ಮಂದಿದು ಅದ? ಆಮ್ಯಾಲ ನೋಡೂಣು.”

“ಹಂಗಿದ್ರ ಕೇಂದ್ರದವರಿಗೆ ಒಂದು ಮಾತು ಹೇಳ್ರಿ. ಪಾಲಿನ ದನ ಬಿಡಬ್ಯಾಡ್ರಿ ಅಂತ.”

“ಹೇಳ್ತೇನಿ.”

ಹಸಿದ ದನದ ಮಾತು ಸುಳ್ಳಲ್ಲ. ಆದರೆ ಆತ ಹೇಳಲಿಲ್ಲ. ಮರುದಿನವೇ ಸೊಸೆಗೆ ನೀರಿನ ಟ್ಯಾಂಕರುಗಳ ಬೇರೆ ಕೆಲಸ ಹಚ್ಚಿದ, ಪಾಲಿನದು ಹಾಗೇ ಉಳಿಯಿತು. ಔರಾದದಲ್ಲಿ ಪರದೆಯ ಮೇಲೆ ಎಲ್ಲ ಸರಿ ಇದೆಯೆಂದು ಹಸಿರು ತೋರಿಸುತ್ತಿತ್ತು. ಎರಡು ಹೆಸರಿದ್ದಲ್ಲಿ ಒಂದೇ ಉಳಿದಿತ್ತು, ಉಳ್ಳವರದು.

ತಂಗಿಯ ಫೋನ್ ಬಂದ ಆ ಸೋಮವಾರ ಸೊಸೆ ಆಫೀಸಿಗೆ ಹೋಗಲಿಲ್ಲ. ಅರ್ಧ ಜಡೆಯನ್ನೇ ಗಂಟು ಹಾಕಿಕೊಂಡು, “ನಡೀರಿ ಅತ್ತಿ, ಸಾಯಗಾಂವಕ್ಕ” ಎಂದಳು. ಭಾಲ್ಕಿಯ ತನಕ ಬಸ್ಸು, ಮುಂದೆ ಆಟೋ. ಯಜಮಾನ ಒಳ್ಳೆಯ ಮಾತಿನಿಂದಲೇ ಕೂರಿಸಿ ನೀರು ಕೊಟ್ಟ. ಅಂಥ ಬರದಲ್ಲಿ ಕೇಳದೆ ನೀರು ಕೊಟ್ಟದ್ದನ್ನು ನಾನು ಇಲ್ಲವೆನ್ನುವುದಿಲ್ಲ. ಎಮ್ಮೆಯನ್ನೂ ಕರುವನ್ನೂ ಭಾಲ್ಕಿಯ ಸಂತೆಯಲ್ಲಿ ಆಗಲೇ ಮಾರಿಬಿಟ್ಟಿದ್ದ.

“ನಾ ಏನು ಕದ್ದು ತಂದೀನೇನ್ರಿ ಅವ್ವಾರ? ಪರದೆ ತೋರಿಸಿ, ನಿಮ್ಮೊಬ್ಬರದೇ ಅದ ಒಯ್ಯರಿ ಅಂದ್ರು. ತಂದೆ.”

ಸೊಸೆ ಎಂದಳು, “ಪಾಲಿಗೆ ಕೊಟ್ಟಿದ್ದು ನಿಮಗ ಗೊತ್ತಿತ್ತಲ್ರಿ ಯಜಮಾನ್ರ. ಪರದೆ ಮರ್ತದ. ನೀವೂ ಮರ್ತೀರೇನು?”

ಆತ ನಕ್ಕ. “ಮರೆಯೋ ಮಶೀನ್ ಮಾಡಿದಾಕಿ ನೀನು ತಾಯಿ. ನನಗ ಬಂದು ಧರ್ಮ ಹೇಳ್ತಿ?”

ಸೊಸೆ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತವಳು ಬೀದರ್ ಬರುವ ತನಕ ತಿರುಗಲಿಲ್ಲ. ಇಪ್ಪತ್ತು ಸಲ ಬೈಸಿಕೊಳ್ಳಬೇಕಾದ ಸಾಹೇಬ ಎಲ್ಲೋ ತಣ್ಣಗಿದ್ದ. ಬೇಡ ಎಂದವಳೇ ಬೈಸಿಕೊಂಡಳು.

ಆಮೇಲೆ ಅವಳು ಯಾರನ್ನೂ ಕೇಳದೆ, ಮನೆಯಲ್ಲೇ ಕೂತು ಪಾಲಿನ ತುಂಡನ್ನು ಮತ್ತೆ ಬರೆದಳು. ಯಾವ ತುಂಡು ಹೊಂದದಿದ್ದರೂ ಸರ್ವರ್ ಶುರುವೇ ಆಗದ ಹಾಗೆ ಮಾಡಿದಳು. ಮುಂದೊಮ್ಮೆ ಕೆಳಗಿನ ಪ್ಲಾಟ್‌ಫಾರ್ಮ್ ಬದಲಾದಾಗ ಸರ್ವರ್ ಹಾಗೆಯೇ ನಿಂತಿತು, ಮೇವು ಹಂಚುವುದು ತಡವಾಯಿತು. ಬೈದವರು ಯಾರು? ನನ್ನ ತಂಗಿಯ ಊರಿನವರೇ. ಬೈಗಳು ಬಂದವಲ್ಲ, ಹಾಗಾದರೆ ನಿಲ್ಲುವಂತೆ ಮಾಡಿದ್ದು ಕೆಲಸ ಮಾಡುತ್ತದೆ ಎಂದು ಸೊಸೆ ಅಂದುಕೊಂಡಳು. ನಾನೂ ದೀಪ ಹಚ್ಚುವಾಗ ಅದನ್ನು ದೇವರ ಕೃಪೆಯೆಂದೇ ನೆನೆದೆ. ಎಷ್ಟು ಸಣ್ಣದನ್ನು ಕೃಪೆ ಎನ್ನಬೇಕಾಯಿತು ಎಂದು ಆ ದೇವರಿಗೂ ಗೊತ್ತಿರಲಿ.

ಅದಕ್ಕೂ ಮುಂಚೆ, ತುಂಡು ಮತ್ತೆ ಕೂತ ಹೊಸದರಲ್ಲೇ, ತಂಗಿ ಹೈದರಾಬಾದಿಗೆ ಮರಳುವ ದಿನ ನಮ್ಮ ಮನೆಗೆ ಬಂದಳು. ಗಂಡನನ್ನು ಬಸ್‌ಸ್ಟ್ಯಾಂಡಿನಲ್ಲಿ ಗಂಟುಗಳ ಹತ್ತಿರ ಕೂರಿಸಿದ್ದಳಂತೆ. ಒಳಗೆ ಬಾ ಎಂದರೆ ಬರಲಿಲ್ಲ, ಹೊಸ್ತಿಲ ಹೊರಗೇ ಕೂತಳು. ಸೊಸೆ ಚಹಾ ತಂದು ಎದುರು ಕುಕ್ಕರುಗಾಲಲ್ಲಿ ಕೂತಳು.

“ಮೌಶಿ, ನಿಮ್ಮ ಹೆಸರು ಈಗ ಬಂದದ್ರಿ.”

“ಎಲ್ಲಿ ಬಂದದ?”

“ಕಂಪ್ಯೂಟರ್‌ದಾಗ. ಮೊದಲಿನಂಗ, ಬಿಲ್ಲೆ ನಂಬರಿನ ಮುಂದ.”

“ಹೌದಾ. ಹಾಲು ಹಿಂಡ್ತದೇನು?”

ಸೊಸೆ ಚಹಾದ ಕಪ್ಪನ್ನು ಅವಳ ಕಡೆ ಸರಿಸಿದಳು. ತಂಗಿ ಅದನ್ನು ಎತ್ತಿಕೊಂಡಳು. ಚಹಾ ಕುಡಿಯದೆ ಏಳುತ್ತಾಳೆ ಎಂದು ನಾನು ಹೆದರಿದ್ದೆ. ಕುಡಿದಳು.

“ಆ ಕರ ಹ್ಯಾಂಗಿತ್ತು ಅಂತ ಯಾರಾದರೂ ನೋಡೀರೇನು?” ಎಂದು ಕೇಳಿದಳು. “ಹಣಿ ಮ್ಯಾಲ ಬಿಳಿ ಇತ್ತೇನು, ತಾಯಿಗೆ ಇದ್ದಂಗ?”

ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

“ಬರ್ತೇನಿ ಅಕ್ಕಾ” ಎಂದು ಎದ್ದು ಸೆರಗು ಝಾಡಿಸಿ, ಹಿಂದಿರುಗಿ ನೋಡದೆ ಓಣಿಯ ತಿರುವು ದಾಟಿದಳು. ಬೀದರಿನ ಪಕ್ಕದ ಕೊಳಾರದ ಗೋದಾಮಿನಲ್ಲಿ ಕೆಲಸಕ್ಕಿದ್ದ ನನ್ನ ಮಗನಿಗೆ ಎರಡನೇ ಪಾಳಿ ಇತ್ತು, ಡಬ್ಬಿ ಕಟ್ಟಬೇಕಿತ್ತು. ಒಲೆಯ ಮೇಲೆ ರೊಟ್ಟಿಗೆಂದು ಇಟ್ಟ ಎಸರು ಕುದಿದು ಅರ್ಧಕ್ಕಿಳಿದಿತ್ತು. ಪರಾತದಲ್ಲಿ ಜೋಳದ ಹಿಟ್ಟು ಸುರಿದು, ಎಸರು ಹಾಕಿ, ಬಿಸಿ ಇದ್ದಾಗಲೇ ನಾದತೊಡಗಿದೆ.