ಬಳೆಗೆ ಸಿಕ್ಕಿಸಿದ ಪಿನ್ನು

ಹರಪನಹಳ್ಳಿಯ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಮರುವರ್ಷವೂ ಕೆಲಸ ಉಳಿಯಬೇಕೆಂದರೆ ವಿಭಾಗದ ಮುಖ್ಯಸ್ಥರ ಸಹಿ ಬೇಕು. ಆ ಮನುಷ್ಯನಿಗೆ ನನ್ನನ್ನು ಕಂಡರಾಗದು. ನನಗೂ ಅಷ್ಟೇ. ಕೂಡ್ಲಿಗಿ ಕಡೆಯ ಕೂಲಿಯವರ ಮನೆಯಿಂದ ಡಿಗ್ರಿ ಮುಟ್ಟಿದವಳು ನಾನೇ ಮೊದಲು. ಅದನ್ನು ಅವರು ಮರೆಯಲು ಬಿಡುತ್ತಿರಲಿಲ್ಲ.

ಆ ವರ್ಷ ಲ್ಯಾಬಿಗೆ ವಜ್ರದ ಚೂರಿರುವ ಯಂತ್ರವೊಂದು ಬಂತು. ಒಡವೆಯ ವಜ್ರವಲ್ಲ, ಬೆಳೆಸಿದ ಹರಳು. ಅದರೊಳಗೆ ಅಲ್ಲಲ್ಲಿ ಇಂಗಾಲದ ಪರಮಾಣು ಇರಬೇಕಾದ ಜಾಗ ಖಾಲಿ, ಪಕ್ಕದಲ್ಲಿ ಸಾರಜನಕ. ಆ ದೋಷವೇ ಅಯಸ್ಕಾಂತವನ್ನು ಪತ್ತೆಹಚ್ಚುವುದು. ಹಸಿರು ಲೇಸರ್ ಬಿಟ್ಟರೆ ಹರಳು ಕೆಂಪಗೆ ಹೊಳೆಯುತ್ತದೆ. ಮೈಕ್ರೋವೇವ್ ಕೊಟ್ಟರೆ ಆ ಹೊಳಪನ್ನು ತೋರಿಸುವ ಪರದೆಯ ಗೆರೆಯಲ್ಲಿ ಎರಡು ತಗ್ಗು ಬೀಳುತ್ತವೆ. ಅಯಸ್ಕಾಂತ ಹತ್ತಿರ ಬಂದರೆ ತಗ್ಗುಗಳು ಜಾಗ ಬಿಟ್ಟು ಸರಿಯುತ್ತವೆ. ಆ ಯಂತ್ರ ನಡೆಸಲು ಬರುತ್ತಿದ್ದುದು ನನಗೊಬ್ಬಳಿಗೇ.

ಪರಿಶೀಲನಾ ತಂಡ ಬರುವ ಹಿಂದಿನ ದಿನ ವಿದ್ಯಾರ್ಥಿಗಳೆದುರು ತಾಲೀಮು ನಡೆಸಿದೆ. ಮುಖ್ಯಸ್ಥರು ಯಂತ್ರದ ಮೇಲೆ ಬಗ್ಗಿದರು. ತಗ್ಗುಗಳು ಓಡಾಡತೊಡಗಿದವು. ಅವರ ಕಣ್ಣು ನನ್ನ ಬಳೆಯ ಮೇಲೆ ಬಿತ್ತು. ಅವ್ವನಂತೆ ನಾನೂ ಬಳೆಗೆ ನಾಲ್ಕು ಪಿನ್ನು ಸಿಕ್ಕಿಸಿಕೊಳ್ಳುತ್ತೇನೆ. ಕಾಲಿಗೆ ನೆಟ್ಟ ಜಾಲಿಮುಳ್ಳನ್ನು ಅವ್ವ ತೆಗೆಯುವುದು ಅದರಲ್ಲೇ.

“ಏನ್ ಮೇಡಂ, ಬಳಿ ತುಂಬ ಕಬ್ಬಿಣದಂಗಡಿ ಇಟ್ಟೀರಲ್ಲ! ಪಾಠ ಮಾಡಾಕ ಬಂದೀರೋ, ಮೆಕ್ಕೆಜೋಳ ಸುಲಿಯಾಕೋ?”

ಹುಡುಗರು ನಕ್ಕರು.

“ನಾಳೆ ಯಂತ್ರ ನಾನ ತೋರಸ್ತೀನಿ. ನೀವು ಬಂದೋರಿಗೆ ಚಾ ಕೊಡ್ರಿ, ಸಾಕು.”

ಪಿನ್ನು ಬಿಚ್ಚಿ ದೂರದ ಕಿಟಕಿಯಲ್ಲಿಟ್ಟೆ. ತಗ್ಗುಗಳು ಇನ್ನೂ ಓಡುತ್ತಿದ್ದವು.

“ಸರ್, ಎರಡು ಹೆಜ್ಜಿ ಹಿಂದ ಸರೀರಿ.”

ಅವರು ಸರಿದರು. ತಗ್ಗುಗಳು ನಿಂತವು. ಪಿನ್ನುಗಳನ್ನು ತಂದು ನಾನು ಮೊದಲು ನಿಂತಿದ್ದ ಜಾಗದಲ್ಲಿ ಹಿಡಿದೆ. ಒಂದು ತಗ್ಗೂ ಕದಲಲಿಲ್ಲ.

“ಈಗ ನೀವು ಬರ್ರಿ.”

ಬಂದರು. ಓಡಿದವು.

“ನಿಮ್ಮ ಜೇಬಿನಾಗಿನ ಮೊಬೈಲ್ ಕವರಿಗೆ ಮ್ಯಾಗ್ನೆಟ್ ಐತಿ ಸರ್.”

“ಯಂತ್ರ ಕೆಟ್ಟೈತಿ!”

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ನೀವು ಬಂದ್ರ ಮಾತ್ರ ಕೆಡತೈತೇನ್ರಿ ಸರ್?”

ಈ ಸಲದ ನಗು ನನ್ನ ಮೇಲಲ್ಲ.

ಮರುದಿನ ಲ್ಯಾಬಿನ ಬಾಗಿಲಲ್ಲಿ ನಾನೇ ನಿಂತು, “ಮೊಬೈಲ್ ಹೊರಗಿಟ್ಟು ಬರ್ರಿ” ಎಂದೆ. ತಂಡದವರೆಲ್ಲ ಇಟ್ಟರು. ಇಟ್ಟರೆ ಹಿಂದಿನ ದಿನದ ತಪ್ಪು ಒಪ್ಪಿಕೊಂಡಂತೆ ಎಂದು ಮುಖ್ಯಸ್ಥರು ಇಡಲೊಲ್ಲದೆ ಹೊರಗೇ ಉಳಿದರು. ನಾನು ಕರೆಯಲೂ ಇಲ್ಲ. ಯಂತ್ರವನ್ನು ನಾನೇ ನಡೆಸಿದೆ. ತಂಡ ನನ್ನ ಹೆಸರು ಕೇಳಿ ಬರೆದುಕೊಂಡಿತು.

ತಂಡದ ವರದಿಯಲ್ಲಿ ನನ್ನ ಹೆಸರಿದ್ದುದರಿಂದ ವರ್ಷದ ಕೊನೆಗೆ ನನ್ನ ಅರ್ಜಿಗೆ ಸಹಿ ಹಾಕದೆ ಅವರಿಗೆ ವಿಧಿಯಿರಲಿಲ್ಲ. ಮುಖ ನೋಡದೆ ಹಾಕಿದರು. ನಾನು ಥ್ಯಾಂಕ್ಸ್ ಹೇಳಲಿಲ್ಲ. ಕಾಗದ ತೆಗೆದುಕೊಳ್ಳಲು ಅವರ ಮೂಗಿನ ಕೆಳಗೇ ಕೈ ಚಾಚಿದೆ. ಅವತ್ತು ಬಳೆಗೆ ಐದು ಪಿನ್ನು ಸಿಕ್ಕಿಸಿಕೊಂಡು ಹೋಗಿದ್ದೆ.