ಎಂಟು ಸಿಲಿಂಡರಿನ ಮೇಸ್ತ್ರಿ

ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿಕೊಂಡು, ಮೇಸ್ತ್ರಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಲವತ್ತು ವರ್ಷ ಸುತ್ತಿಗೆ, ಲೇತುಗಳ ಸದ್ದಿನಲ್ಲಿ ಕಳೆದು ಅವರ ಎರಡು ಕಿವಿಗಳೂ ಮಂದವಾಗಿದ್ದವು. ನಡುಕ ಹಲ್ಲಿನಿಂದ ತಲೆಗೇರಿದರೆ ಸಾಕು, "ಆರನೇದು ಸರಿಯಾಗಿ ಉರೀತಿಲ್ಲ" ಎಂದುಬಿಡುತ್ತಿದ್ದರು. ಬಿಚ್ಚಿ ನೋಡಿದರೆ ಎಂಟು ಸಿಲಿಂಡರುಗಳಲ್ಲಿ ಆರನೆಯದೇ ಕೆಟ್ಟಿರುತ್ತಿತ್ತು.

ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಕೊನೆಗೆ ಇವರ ಪಾಲಿಗೆ ಉಳಿದದ್ದು ಒಂದು ಸೈಟು. ಅಣ್ಣತಮ್ಮಂದಿರು ತಮ್ಮ ಪಾಲಿನ ಜಾಗದಲ್ಲಿ ನಾಲ್ಕು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟರು. ಇವರು ಶೀಟು ಹೊದಿಸಿ ಗ್ಯಾರೇಜು ಮಾಡಿಕೊಂಡರು. "ಮೇಲೆ ಮನೆ ಕಟ್ಟಿದ್ರೆ ಬಾಡಿಗೆಯವ್ರು ಸೌಂಡು ಜಾಸ್ತಿ ಅಂತಾರೆ. ಇಂಜಿನ್ ಮಾತಾಡ್ಬೇಕಲ್ವಾ ಮೇಡಂ?" ಎಂದು ನನಗೆ ಹೇಳುತ್ತಿದ್ದರು.

ಅವರ ಪರಿಚಯವಾದದ್ದು ನನ್ನ ಗಂಡನ ಕಾರಿನಿಂದ. ಅಮೆರಿಕದ ಹಳೆಯ ಸ್ಪೋರ್ಟ್ಸ್ ಕಾರು: ಎರಡೇ ಬಾಗಿಲು, ಎಡಗಡೆ ಸ್ಟೀರಿಂಗು. ಜಯನಗರದ ನಮ್ಮ ಗೇಟಿನಿಂದ ಅದರ ಮೂತಿ ಹೊರಬಂದು ಡ್ರೈವರು ಕಾಣಿಸುವಷ್ಟರಲ್ಲಿ ಅರ್ಧ ರಸ್ತೆ ಮುಚ್ಚಿಹೋಗಿರುತ್ತಿತ್ತು. ಶನಿವಾರ ಬಂದರೆ ಗಂಡ, ಮೇಸ್ತ್ರಿ ಇಬ್ಬರೂ ಅದರಡಿ ಸೇರಿಕೊಳ್ಳುತ್ತಿದ್ದರು. ಕಾಫಿ ತಂದರೆ ನನಗೆ ಕಾಣುತ್ತಿದ್ದದ್ದು ಎರಡು ಜೊತೆ ಕಾಲು. ಆ ಕಾರಿನ ಮೇಲೆ ನನಗೆ ಸವತಿಯ ಮೇಲಿನಂಥ ಸಿಟ್ಟಿತ್ತು.

ಗಂಡ ಹೋದ ಮೇಲೆ ಎರಡು ವರ್ಷ ಅದು ಟಾರ್ಪಾಲಿನಡಿ ನಿಂತಿತು. ಬೇರೆ ಊರಿನವರೊಬ್ಬರು ಕೊಳ್ಳಲು ಮುಂದೆ ಬಂದಾಗ ಒಪ್ಪಿಕೊಂಡೆ. ಸಜ್ಜು ಮಾಡಿಕೊಡಿ ಎಂದು ಮೇಸ್ತ್ರಿಗೆ ಹೇಳಿಕಳಿಸಿದೆ. ಬ್ರೇಕು ಹಿಡಿದುಕೊಂಡಿತ್ತು, ಟ್ಯಾಂಕಿನ ಪೆಟ್ರೋಲು ಅಂಟಾಗಿತ್ತು. ವಾಟರ್ ಪಂಪಿನ ಬುಷ್ ಎಂಬ ಚಿಕ್ಕ ಲೋಹದ ಬಳೆ ಇಲ್ಲೆಲ್ಲೂ ಸಿಗಲಿಲ್ಲ. ಹಿತ್ತಾಳೆಯ ತುಂಡೊಂದನ್ನು ಲೇತಿಗೆ ಹಾಕಿ ತಾವೇ ಕಡೆದು ಕೂರಿಸಿದರು. ಮೂರು ವಾರದ ನಂತರ ಕಾರನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಿ, ಬೀಗದ ಕೈ ನನ್ನ ಕಡೆ ಚಾಚಿದರು.

"ಕೊಡೋಕ್ ಮುಂಚೆ ಒಂದ್ ರೌಂಡ್ ನೀವೇ ಓಡ್ಸಿ ಮೇಡಂ."

"ಅಯ್ಯೋ, ನನಗೆ ಭಯ ಮೇಸ್ತ್ರಿ."

"ಸಾರ್‌ಗೂ ಭಯಾನೇ ಇತ್ತು. ಮೊದಲ್ನೇ ದಿನ ಈ ಗೇಟ್ ಕಂಬಕ್ಕೇ ಗುದ್ದಿದ್ರು. ನೀವು ಅಮ್ಮನ ಮನೆಗೆ ಹೋಗಿದ್ರಿ. 'ಅವಳಿಗೆ ಹೇಳ್ಬೇಡ' ಅಂದ್ರು. ನೀವು ಬರೋಷ್ಟರಲ್ಲಿ ಡೆಂಟ್ ತೆಗ್ದುಬಿಟ್ಟೆ."

ಎರಡು ವರ್ಷದಲ್ಲಿ ಮೊದಲ ಸಲ ಜೋರಾಗಿ ನಕ್ಕೆ. ನಗುತ್ತಲೇ ಕಣ್ಣು ಒರೆಸಿಕೊಂಡೆ. ಬದುಕಿದ್ದಾಗ ನನಗೆ ಗೊತ್ತಾಗದೆ ಉಳಿದ ಗಂಡ ಇನ್ನೂ ಸ್ವಲ್ಪ ಈ ಮನುಷ್ಯನ ಬಳಿ ಉಳಿದಿದ್ದ.

ಮರುದಿನ ಬೆಳಗ್ಗೆ ಕುಮಾರಸ್ವಾಮಿ ಲೇಔಟಿನ ಏರಿನಲ್ಲಿ ಕಾರು ಮೂರು ಸಲ ಆಫ್ ಆಯಿತು. ಹಿಂದೆ ಬಸ್ಸೊಂದು ಬಿಡದೆ ಹಾರ್ನ್ ಬಾರಿಸುತ್ತಿತ್ತು. ಪಕ್ಕದಲ್ಲಿ ಕುಳಿತ ಮೇಸ್ತ್ರಿ, "ಹೊಡ್ಕೊಳ್ಲಿ ಬಿಡಿ. ನನಗೆ ಕೇಳ್ಸಲ್ಲ, ನೀವೂ ಕೇಳಿಸ್ಕೋಬೇಡಿ" ಎಂದರು. ನಾಲ್ಕನೆಯ ಸಲ ಕಾರು ಏರಿತು. ಮನೆಗೆ ಬಂದು, ಕೊಳ್ಳುವವರಿಗೆ ಫೋನು ಮಾಡಿ ಕೊಡುವುದಿಲ್ಲ ಎಂದೆ.

ಆಮೇಲೆ ಆರು ವರ್ಷ, ಶನಿವಾರಗಳಲ್ಲಿ ಗಂಡನ ಹಳೆಯ ಅಂಗಿ ತೊಟ್ಟು ಕತ್ರಿಗುಪ್ಪೆಯ ಆ ಶೀಟಿನಡಿ ನಿಂತೆ. ಪ್ಲಗ್ಗು ಉಜ್ಜುವುದು, ಕಿಡಿ ಸರಿಯಾದ ಹೊತ್ತಿಗೆ ಹಾರುವಂತೆ ಟೈಮಿಂಗ್ ಕೂರಿಸುವುದು ಎಲ್ಲವನ್ನೂ ಕಲಿಸಿದರು. ನಡುನಡುವೆ "ಸಾರ್ ನಟ್ ಬಿಗಿ ಮಾಡ್ತಾ ಹಾಡೋರು, ಒಂದೂ ಶ್ರುತಿಗೆ ಸೇರ್ತಿರ್ಲಿಲ್ಲ" ಎಂಬಂಥದ್ದೊಂದು ಮಾತು ಬೀಳುತ್ತಿತ್ತು. ವಾರವಿಡೀ ನಾನು ಅದನ್ನೇ ನೆನೆಸುತ್ತಿದ್ದೆ.

ಕಳೆದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದ ಮೇಸ್ತ್ರಿ ಮರಳಲಿಲ್ಲ. ಅವರ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಅವರ ಹೆಂಡತಿ ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. "ಆಸ್ಪತ್ರೇಲೂ 'ಶನಿವಾರ ಮೇಡಂ ಬರ್ತಾರೆ, ಶೆಟರ್ ತೆಗೀಬೇಕು' ಅಂತಾನೇ ಇದ್ರು ಕಣಮ್ಮ" ಎಂದರು.

ಎರಡು ತಿಂಗಳಿಂದ ಕಾರು ನಿಂತಾಗ ಇಂಜಿನ್ನು ಸ್ವಲ್ಪ ತಡವರಿಸುತ್ತಿದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಚಿಕ್ಕ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ನನಗೆ ಗೊತ್ತು, ಅವರೇ ಕಲಿಸಿದ್ದು. ಆದರೆ ಆ ಸ್ಕ್ರೂ ಈಗ ನಿಂತಿರುವುದು ಅವರ ಬೆರಳು ಕೊನೆಯ ಸಲ ಬಿಟ್ಟ ಜಾಗದಲ್ಲಿ. ಅವರಿದ್ದಿದ್ದರೆ ಬೈಯುತ್ತಿದ್ದರು. ಬಾನೆಟ್ ಎತ್ತುತ್ತೇನೆ, ನೋಡುತ್ತೇನೆ, ಮುಟ್ಟದೆ ಮುಚ್ಚುತ್ತೇನೆ.